ಮಲಾ ಊಪಾ: ಗಡಿಯಂಚಿನ ಈ ಊರಿಗೆ ಹೋಗುವ ಹೊಸಬರಿಗೆ

ಪೊಮೆಜ್ನೀ ಬೌಡಿ ಸ್ಟಾಪಿನಲ್ಲಿ ಬಸ್ಸಿಳಿದ ನಮ್ಮವರು ಮೊದಲು ಕೇಳುವುದು ಊರು ಎಲ್ಲಿದೆ ಅಂತ. ನಿಂತಿರುವುದೇ ಊರಿನೊಳಗೆ. ಮಲಾ ಊಪಾಕ್ಕೆ ಪೇಟೆಬೀದಿ ಇಲ್ಲ, ಚೌಕ ಇಲ್ಲ. ಮಲೆನಾಡಿನ ಒಂಟಿಮನೆಗಳ ಹಾಗೆ ಇಳಿಜಾರಿನಲ್ಲಿ ಇಲ್ಲೊಂದು, ಹಳ್ಳದಾಚೆ ಇನ್ನೊಂದು ಮನೆ. ಖಾಯಂ ಇರುವವರು ಇನ್ನೂರರೊಳಗೆ. ಮನೆಗಳು ಯಾಕೆ ಹೀಗೆ ಚದುರಿವೆ ಎಂದು ಗೊತ್ತಿದ್ದರೆ ಇಲ್ಲಿ ಓಡಾಡುವುದು ಎಷ್ಟೋ ಸಲೀಸು.

ಊರು ಇರುವುದು ಚೆಕ್ ದೇಶದ ಈಶಾನ್ಯ ಅಂಚಿನಲ್ಲಿ, ಕ್ರ್ಕೊನೊಶೆ ಬೆಟ್ಟಸಾಲಿನ ಪೂರ್ವ ಭಾಗದಲ್ಲಿ. 16ನೇ ಶತಮಾನದಲ್ಲಿ ಕುಟ್ನಾ ಹೊರಾದ ಬೆಳ್ಳಿ ಗಣಿಗಳಿಗೆ ಮರ ಬೇಕಾಯಿತು. ಹತ್ತಿರದ ಕಾಡು ಮುಗಿದಿತ್ತು. ಆಲ್ಪ್ಸ್ ಬೆಟ್ಟಸೀಮೆಯ ಟಿರೋಲ್, ಸ್ಟೈರಿಯಾ, ಕರಿಂಥಿಯಾ ಕಡೆಯಿಂದ ಬೆಟ್ಟದಲ್ಲಿ ಮರ ಕಡಿದು ಪಳಗಿದ ಜರ್ಮನ್ ಭಾಷಿಕರನ್ನು ಕರೆಸಿದರು. ಅವರು ತೊರೆಗಳಿಗೆ ಅಡ್ಡಕಟ್ಟೆ ಕಟ್ಟಿ ನೀರು ತುಂಬಿಸಿ, ಒಮ್ಮೆಲೇ ಬಿಟ್ಟು, ದಿಮ್ಮಿಗಳನ್ನು ಊಪಾ ನದಿಗೂ ಅಲ್ಲಿಂದ ಲಾಬೆ ನದಿಗೂ ತೇಲಿಸುತ್ತಿದ್ದರು. ಜರ್ಮನಿಗೆ ಹೋದ ಮೇಲೆ ಎಲ್ಬೆ ಎನಿಸಿಕೊಳ್ಳುವುದು ಇದೇ ಲಾಬೆ. ಕಡಿತ ನಿಂತ ಮೇಲೂ ಹಲವರು ಇಲ್ಲೇ ಉಳಿದರು. ಮರ ಕಡಿದು ಬಯಲಾದ ಜಾಗ ಹುಲ್ಲುಗಾವಲಾಯಿತು, ಪ್ರತಿ ಗಾವಲಿನ ನಡುವೆ ಒಂದು ಮನೆ ಎದ್ದಿತು. ಅದಕ್ಕೇ ಬೌಡಾ ಎನ್ನುವುದು. ಹಸು, ಮೇಕೆ, ಬೆಣ್ಣೆ, ಗಿಣ್ಣು ಅವರ ಜೀವನ. ಚಳಿಗಾಲದಲ್ಲಿ ಹುಲ್ಲು, ಮರ ಇಳಿಸಲು ಮುಂದೆ ಎರಡು ಕೊಂಬಿನಂತೆ ಬಾಗಿದ ಜಾರುಬಂಡಿ ಇತ್ತು. ರೊಹಾಚ್ಕಿ ಅದರ ಹೆಸರು, ಅದರ ಪಂದ್ಯ ಈಗಲೂ ನಡೆಯುತ್ತದೆ.

ಈ ಚದುರುವಿಕೆ ಹೊಸಬರನ್ನು ಕಾಡುವುದು ವಿಳಾಸ ಹುಡುಕುವಾಗ. ಚೀಸ್ಲೊ ಪೊಪಿಸ್ನೆ ಎಂಬ ಮನೆಸಂಖ್ಯೆ ಶುರುವಾದದ್ದು ಆಸ್ಟ್ರಿಯಾದ ರಾಣಿ ಮರಿಯಾ ತೆರೇಸಾ ಆಳುತ್ತಿದ್ದಾಗ, 1770ರ ಹೊತ್ತಿಗೆ. ಆಮೇಲೆ ಕಟ್ಟಿದ ಮನೆಗಳಿಗೆ ಕಟ್ಟಿದ ಕ್ರಮದಲ್ಲಿ ಮುಂದಿನ ಸಂಖ್ಯೆ ಬಿತ್ತು. ಹಾಗಾಗಿ 40ರ ಪಕ್ಕ 41 ಇರಬೇಕೆಂದಿಲ್ಲ, ಅದು ಎದುರು ಬೆಟ್ಟದಲ್ಲಿರಬಹುದು. ರಜೆಮನೆಗಳಿಗೆ ಚೀಸ್ಲೊ ಎವಿಡೆನ್ಚ್ನೀ ಎಂಬ ಬೇರೆ ಸರಣಿಯೇ ಇದೆ, ಎರಡರಲ್ಲೂ ಒಂದೇ ಅಂಕೆ ಬರಬಹುದು. ಕೋಣೆ ಕಾಯ್ದಿರಿಸುವಾಗ ಸಂಖ್ಯೆ ಯಾವ ಬಗೆಯದು, ಮನೆ ಮೇಲಿನ ಮಲಾ ಊಪಾದಲ್ಲೋ (ಹೊರ್ನೀ) ಕೆಳಗಿನದರಲ್ಲೋ (ಡೊಲ್ನೀ) ಎಂದು ಕೇಳಿಕೊಳ್ಳಿ. ಜೊತೆಗೆ ನಕ್ಷೆಯ ಬಿಂದು ತರಿಸಿಕೊಂಡು ಮಾಪಿ ಆಪಿನಲ್ಲಿ ಆಫ್‌ಲೈನ್ ಇಳಿಸಿಟ್ಟುಕೊಳ್ಳಿ. ಹಿಮ ಬಿದ್ದಾಗ ಮನೆ ಬಾಗಿಲ ತನಕ ಕಾರು ಹೋಗುತ್ತದೆಯೇ ಎಂಬುದನ್ನೂ ಕೇಳಿ. ಎಷ್ಟೋ ಮನೆಗಳಿಗೆ ಹೋಗುವುದಿಲ್ಲ. ನವೆಂಬರ್ 1ರಿಂದ ಮಾರ್ಚ್ 31ರವರೆಗೆ ರಸ್ತೆಯಲ್ಲಿ ಹಿಮವೋ ಮಂಜುಗಡ್ಡೆಯೋ ಇದ್ದರೆ, ಬರುವ ಸೂಚನೆ ಇದ್ದರೂ, ಚಳಿಗಾಲದ ಟೈರು ಕಡ್ಡಾಯ. ಅದರ ಗೀರಿನ ಆಳ ಕನಿಷ್ಠ 4 ಮಿ.ಮೀ. ಇರಬೇಕು. ಕಾರಿಲ್ಲದವರು ಟ್ರುಟ್ನೊವ್ ತನಕ ಬಂದು ಬಸ್ಸು ಹಿಡಿಯಬಹುದು.

ಸ್ಮಶಾನದಲ್ಲಿ ಜರ್ಮನ್ ಹೆಸರುಗಳನ್ನು ಕಂಡು ಬೆರಗಾಗಬೇಡಿ. ಸಂತ ಪೀಟರ್ ಮತ್ತು ಪಾಲ್ ಚರ್ಚು 1791ರ ಹೊತ್ತಿನದು, ಆಗ ಊರಿನ ಹೆಸರು ಕ್ಲೈನ್ ಔಪಾ. 1938ರ ಮ್ಯೂನಿಕ್ ಒಪ್ಪಂದದಿಂದ ಈ ಪ್ರದೇಶ ಹಿಟ್ಲರನ ಜರ್ಮನಿಗೆ ಸೇರಿತು. 1945-46ರಲ್ಲಿ ಜರ್ಮನ್ ಭಾಷಿಕರನ್ನು ಹೊರಹಾಕಿದರು. ಖಾಲಿಯಾದ ಮನೆಗಳಲ್ಲಿ ಹಲವು ಕಾರ್ಮಿಕ ಸಂಘಗಳ ವಿಶ್ರಾಂತಿಧಾಮಗಳಾದವು, ಹಲವು ನಗರದವರ ರಜೆಮನೆಗಳಾದವು. ಇಲ್ಲಿನವರ ಹತ್ತಿರ ಈ ಮಾತನ್ನು ಎಚ್ಚರದಿಂದ ಎತ್ತಿ. ಎರಡೂ ಕಡೆಯ ನೋವು ಇನ್ನೂ ಹಸಿಯಾಗಿದೆ.

ಪೊಮೆಜ್ನೀ ಬೌಡಿ ಅಂದರೆ ಗಡಿಮನೆಗಳು ಎಂದೇ ಅರ್ಥ. ಸುಮಾರು 1050 ಮೀಟರ್ ಎತ್ತರದ ಈ ಕಣಿವೆಬಾಯಿಯ ದಕ್ಷಿಣಕ್ಕೆ ಬಿದ್ದ ಮಳೆ ಊಪಾ, ಲಾಬೆ ಹಿಡಿದು ಉತ್ತರ ಸಮುದ್ರ ಸೇರುತ್ತದೆ. ಉತ್ತರಕ್ಕೆ ಬಿದ್ದದ್ದು ಪೋಲೆಂಡಿನ ಕೊವಾರಿ ಕಡೆ ಇಳಿದು ಓಡ್ರಾ ನದಿಯ ಮೂಲಕ ಬಾಲ್ಟಿಕ್ ಸಮುದ್ರಕ್ಕೆ. 1742ರಲ್ಲಿ ಉತ್ತರದ ಸಿಲೇಸಿಯಾ ಪ್ರಾಂತ್ಯ ಪ್ರಷ್ಯಾದ ಪಾಲಾದ ಮೇಲೆ ಆಸ್ಟ್ರಿಯಾ-ಪ್ರಷ್ಯಾ ಗಡಿ ಹಾದದ್ದೂ ಇಲ್ಲೇ. ಈಗ ಉಳಿದಿರುವುದು ಮೊಣಕಾಲೆತ್ತರದ ಬಿಳಿ ಗಡಿಕಲ್ಲುಗಳು, ಪೋಲೆಂಡಿನ ಮುಖಕ್ಕೆ ‘ಪಿ’ ಅಕ್ಷರ. 2007ರ ಡಿಸೆಂಬರ್ 21ರಿಂದ ಎರಡೂ ದೇಶ ಷೆಂಗೆನ್ ಒಳಗಿವೆ, ಸಾಮಾನ್ಯವಾಗಿ ಗಡಿಯಲ್ಲಿ ತಪಾಸಣೆ ಇಲ್ಲ. ಹಾಗೆಂದು ಪಾಸ್‌ಪೋರ್ಟ್, ವಾಸದ ಕಾರ್ಡ್ ರೂಮಿನಲ್ಲಿ ಬಿಟ್ಟು ಹೋಗಬೇಡಿ, ಕೇಳಿದರೆ ತೋರಿಸಲೇಬೇಕು. ಕಾರ್ಡಿನ ಅವಧಿ ಮುಗಿದು ನವೀಕರಣದ ಅರ್ಜಿ ಬಾಕಿ ಇದ್ದರೆ ಗಡಿಕಲ್ಲಿನ ಈಚೆಗೇ ಇರಿ. ಖಾಸಗಿ ವಿಮೆ ಮಾಡಿಸಿದವರು ಪಾಲಿಸಿ ಪೋಲೆಂಡಿನಲ್ಲೂ ನಡೆಯುತ್ತದೆಯೇ ಎಂದು ಓದಿಕೊಂಡೇ ಆಚೆ ಕಾಲಿಡಿ.

ಇಲ್ಲಿಂದ ದೇಶದ ಅತಿ ಎತ್ತರದ ಶಿಖರ ಸ್ನೆಷ್ಕಾಗೆ ಯೆಲೆಂಕಾ ಎಂಬ ಬೆಟ್ಟದ ತಂಗುಮನೆಯ ಮಾರ್ಗವಾಗಿ ಏಳು ಕಿ.ಮೀ. ಹತ್ತಿರ. ಎತ್ತರ 1603 ಮೀಟರ್. ಮುಳ್ಳಯ್ಯನಗಿರಿಯೇ 1900 ದಾಟುತ್ತದಲ್ಲ, ಇದೇನು ಮಹಾ ಎಂದು ಜೀನ್ಸ್, ಸ್ನೀಕರ್ ಹಾಕಿಕೊಂಡು ಹೊರಡುವವರಿದ್ದಾರೆ. ದಯವಿಟ್ಟು ಹಾಗೆ ಮಾಡಬೇಡಿ. ಇಷ್ಟು ಉತ್ತರದಲ್ಲಿ ಸುಮಾರು 1300 ಮೀಟರಿಗೇ ಮರಗಳು ಮುಗಿಯುತ್ತವೆ, ಆಮೇಲೆ ಕುಳ್ಳು ಪೈನ್ ಪೊದೆ, ಕಲ್ಲು ಮತ್ತು ಗಾಳಿ. ಯೆಲೆಂಕಾದ ಮೇಲೆ ದಾರಿ ಗಡಿದಿಣ್ಣೆಯ ನೆತ್ತಿಯಲ್ಲೇ ಸಾಗುತ್ತದೆ, ಮರೆ ಇಲ್ಲ. ಬೆವರಿಗೆ ನೆನೆದ ಹತ್ತಿ ಬಟ್ಟೆ ಆ ಗಾಳಿಯಲ್ಲಿ ಮೈಯ ಬಿಸಿಯನ್ನೆಲ್ಲ ಹೀರುತ್ತದೆ. ಜುಲೈಯಲ್ಲೂ ಗಾಳಿ ತಡೆಯುವ ಜಾಕೆಟ್, ಟೋಪಿ ಚೀಲದಲ್ಲಿರಲಿ. ಶಿಖರದಿಂದ ಕೇಬಲ್ ಕಾರಿನಲ್ಲಿ ಇಳಿಯುವ ಯೋಚನೆ ಇದ್ದರೂ, ಗಾಳಿ ಜೋರಾದರೆ ಅದು ನಿಲ್ಲುತ್ತದೆ, ನಡೆದು ಇಳಿಯುವಷ್ಟು ಬೆಳಕು ಕೈಯಲ್ಲಿರಲಿ. ಇದು 1963ರಿಂದ ರಾಷ್ಟ್ರೀಯ ಉದ್ಯಾನ, ಅದರ ಬಿಗಿಯಾಗಿ ಕಾಯ್ದ ಭಾಗಗಳಲ್ಲಿ ಗುರುತು ಹಾಕಿದ ದಾರಿ ಬಿಟ್ಟು ಹೋಗುವಂತಿಲ್ಲ. ಹಿಮಕುಸಿತದ ಅಪಾಯಕ್ಕೆ ಚಳಿಗಾಲದಲ್ಲಿ ಕೆಲವು ದಾರಿ ಮುಚ್ಚುತ್ತಾರೆ, ಹೊರಡುವ ದಿನವೇ ನೋಡಿಕೊಳ್ಳಿ.

ಬೆಟ್ಟದ ರಕ್ಷಣಾದಳ ಹೊರ್ಸ್ಕಾ ಸ್ಲುಷ್ಬಾದ ಸಂಖ್ಯೆ 1210. ನೆತ್ತಿಯ ಮೇಲೆ ಫೋನು ಪೋಲಿಷ್ ಟವರ್ ಹಿಡಿದಿದ್ದರೆ ಅದು ಸಿಗದೆ ಹೋಗಬಹುದು. ಆಗ 112 ಒತ್ತಿ, ಚೆಕ್ ಬದಿಯಲ್ಲಿದ್ದೀರೆಂದು ಮೊದಲೇ ಹೇಳಿ. ತುರ್ತು ಕರೆಗೆಂದೇ ಇರುವ ಜಾಹ್ರಾಂಕಾ ಆಪ್ ಹಾಕಿಕೊಂಡಿದ್ದರೆ ನೀವಿರುವ ಜಾಗವನ್ನೂ ಅದೇ ಕಳಿಸುತ್ತದೆ.

ಸಸ್ಯಾಹಾರಿಗಳು ಕಿಸೆಲೊ ಕೇಳಿ. ರೈ ಹಿಟ್ಟನ್ನು ಹುಳಿಬರಿಸಿ, ಒಣ ಅಣಬೆ, ಆಲೂಗಡ್ಡೆ ಹಾಕಿ ಕುದಿಸಿದ ಬೆಟ್ಟದವರ ಸಾರು ಅದು, ನಮ್ಮ ನಾಲಿಗೆಗೆ ಬೇಗ ಒಗ್ಗುತ್ತದೆ. ಮೇಲೆ ಮೊಟ್ಟೆ ಹಾಕುತ್ತಾರೆ, ಈರುಳ್ಳಿಯನ್ನು ಕೆಲವೆಡೆ ಹಂದಿಕೊಬ್ಬಿನಲ್ಲಿ ಹುರಿದಿರುತ್ತಾರೆ. ‘ಬೆಸ್ ಮಸಾ’ ಅಂದರೆ ಮಾಂಸ ಬೇಡ ಎಂದಷ್ಟೇ ಆಯಿತು. ಕೊಬ್ಬೂ ಬೇಡವಾದರೆ ‘ಬೆಸ್ ಸಾದ್ಲಾ’, ಮೊಟ್ಟೆ ಬೇಡವಾದರೆ ‘ಬೆಸ್ ವಯೀಚ್ಕಾ’ ಎಂದು ಬೇರೆ ಬೇರೆಯಾಗಿಯೇ ಹೇಳಿ.