ಪ್ರೋಟೀನ್ ಎಷ್ಟು ಬೇಕು? ಕೋಳಿಗೇ ಕೇಳಿದೆ

"ಬಿಟ್ಟು ಮೇಯಿಸೋ ಕೋಳಿಗೆಲ್ಲಾ ಲೆಕ್ಕ ಆಗಲ್ಲ, ಸುಮ್ನೆ 18% ಪ್ರೋಟೀನ್ ಇರೋ ಫೀಡ್ ಹಾಕು" ಅಂದವರೇ ಈಗ ನನ್ನ ಲೆಕ್ಕ ಕೇಳುತ್ತಿದ್ದಾರೆ. ಅದಕ್ಕೇ ಬರೆಯುತ್ತಿದ್ದೇನೆ.

18% ಹಾಕಿ ನೋಡಿದ್ದೆ. ಮೊಟ್ಟೆಗೇನೂ ಕೊರತೆ ಇರಲಿಲ್ಲ. ಆದರೆ ನೀರು ಜಾಸ್ತಿ ಕುಡಿದವು, ಹಿಕ್ಕೆ ತೆಳುವಾಯಿತು. ಬೆಳಗ್ಗೆ ಗೂಡಿನ ಬಾಗಿಲು ತೆಗೆದರೆ ಅಮೋನಿಯಾಕ್ಕೆ ಕಣ್ಣುರಿ. ದುಬಾರಿ ಸೋಯಾ ಹಿಂಡಿ ನೇರ ಗೊಬ್ಬರಕ್ಕೆ! 14%ಗೆ ಇಳಿಸಿದೆ. ಕೆಲವೇ ವಾರದಲ್ಲಿ ಮೊಟ್ಟೆ ಸಣ್ಣದಾಯಿತು, ಒಂದರ ಬಾಲದ ಪುಕ್ಕ ಇನ್ನೊಂದು ಕೀಳತೊಡಗಿತು.

ಎಷ್ಟು ಬೇಕೋ ಕೋಳಿಯೇ ಆರಿಸಿಕೊಳ್ಳಲಿ ಅಂತ ಆಮೇಲೆ ಎರಡು ಫೀಡರ್ ಇಟ್ಟೆ. ಒಂದರಲ್ಲಿ ನುಚ್ಚು ಮಾಡಿದ ಮೆಕ್ಕೆಜೋಳ, ಇನ್ನೊಂದರಲ್ಲಿ ಸುಮಾರು 32% ಪ್ರೋಟೀನ್ ಇರುವ ಹಿಂಡಿ ಮಿಶ್ರಣ. ಚಿಪ್ಪಿನ ಪುಡಿ ಬೇರೆ. ಮೊದಲ ವಾರ ಬರೀ ಜೋಳಕ್ಕೆ ಮುಗಿಬಿದ್ದವು, ನೋಡಿದವರು ನಕ್ಕರು. ನಂತರ ಸರಿಹೋದವು. ಸಂಜೆ ಉಳಿದದ್ದು, ಕೆಳಗಿನ ತಟ್ಟೆಗೆ ಚೆಲ್ಲಿದ್ದು ಎರಡನ್ನೂ ತೂಗಿ ಕಳೆದೆ. ಒಂದು ಕೋಳಿಗೆ ದಿನಕ್ಕೆ ಜೋಳ 85 ಗ್ರಾಂ, ಮಿಶ್ರಣ 30 ಗ್ರಾಂ ಆಸುಪಾಸು. ಅಂದರೆ ಎರಡರದ್ದೂ ಸೇರಿ ಪ್ರೋಟೀನ್ ಹತ್ತಿರ ಹತ್ತಿರ 17 ಗ್ರಾಂ, ಒಟ್ಟು ಮೇವಿನ 15%.

ಮೊಟ್ಟೆ ಕಡೆಯಿಂದಲೂ ತಾಳೆ ನೋಡಿದೆ. ದಿನಕ್ಕೆ ನೂರು ಕೋಳಿಗೆ 80 ಮೊಟ್ಟೆ, ತೂಕ 58 ಗ್ರಾಂ. ಕೋಳಿಗೊಂದರಂತೆ ಮೊಟ್ಟೆಗೆ ಹೋಗೋ ಪ್ರೋಟೀನ್ ಐದೂವರೆ ಗ್ರಾಂ. ತಿಂದದ್ದರಲ್ಲಿ ಅರ್ಧಕ್ಕಿಂತ ಕಡಿಮೆ ಮಾತ್ರ ಮೊಟ್ಟೆ ಸೇರುತ್ತದೆ, ಹಾಗಾಗಿ 12 ಗ್ರಾಂ ಬೇಕು. ಮೈಗೆ ಮೂರು ನಾಲ್ಕು ಗ್ರಾಂ. ಓಡಾಟ, ಪುಕ್ಕ ಸೇರಿಸಿದರೆ ಲೆಕ್ಕ ಕೂಡಿತು.

ಹಾಗಾದರೆ 14% ಯಾಕೆ ಕೈಕೊಟ್ಟಿತು? ಫೀಡರ್ ತಳದಲ್ಲಿ ಬೆರಳಾಡಿಸಿದಾಗ ಗೊತ್ತಾಯಿತು. ಕೋಳಿ ದಪ್ಪ ಚೂರು ಹೆಕ್ಕಿಕೊಂಡು ನುಣ್ಣನೆ ಪುಡಿ ಬಿಟ್ಟಿತ್ತು. ಮೇವಿಗೆ ಬೇರೆಯಾಗಿ ಬೆರೆಸೋ ಮಿಥಿಯೋನಿನ್ (ಪ್ರೋಟೀನ್ ಕಟ್ಟಲು ಬೇಕಾದ ಒಂದು ಅಮೈನೋ ಆಮ್ಲ) ಇರೋದೇ ಆ ಪುಡಿಯಲ್ಲಿ. ಜೋಳ, ಸೋಯಾದಲ್ಲಿ ಮೊದಲು ಕೊರತೆ ಬೀಳೋದೂ ಅದೇ. ಪುಡಿಯನ್ನು ಕಾಳಿಗೆ ಅಂಟಿಸೋ ಉಪಾಯ ಒಂದಿದೆ, ಸದ್ಯಕ್ಕೆ ಅದು ನನ್ನ ಹತ್ತಿರವೇ ಇರಲಿ.

ನಡುವೆ ಅಜೋಲಾ (ನೀರಿನ ಮೇಲೆ ತೇಲಿ ಬೆಳೆಯೋ ಸಣ್ಣ ಗಿಡ) ಹುಚ್ಚೂ ಹಿಡಿದಿತ್ತು. ಹಸಿ ಅಜೋಲಾದಲ್ಲಿ ತೊಂಬತ್ತು ಪಾಲಿಗೂ ಮಿಕ್ಕಿ ನೀರೇ. ಕಿಲೋ ತಿಂದರೂ ಒಂದು ಕೋಳಿಯ ದಿನದ ಪ್ರೋಟೀನ್ ಪೂರ್ತಿ ಸಿಗಲ್ಲ. ಹಳದಿಗೆ ಬಣ್ಣ ಚೆನ್ನಾಗಿ ಬಂತು, ಅಷ್ಟೇ ಲಾಭ.

ಈಗ ಹಾಕೋದು 15%. ಸೆಕೆಗಾಲದಲ್ಲಿ 100 ಗ್ರಾಂ ತಿನ್ನೋದೇ ಹೆಚ್ಚು, ಆಗ 17%ಗೆ ಏರಿಸುತ್ತೇನೆ. ಹಿಂಡಿ ಖರ್ಚು 18% ಕಾಲಕ್ಕಿಂತ ಕಾಲುಭಾಗ ಇಳಿದಿದೆ, ಮೊಟ್ಟೆ ಅಷ್ಟೇ ಇದೆ.