‘ಕಡೇ ಸಲ ಹೊರಗಾಗಿದ್ದು ಯಾವಾಗಮ್ಮಾ?’

ಶಿಡ್ಲಘಟ್ಟದ ಸಣ್ಣ ಎಕ್ಸ್‌ರೇ ಸೆಂಟರೊಂದಕ್ಕೆ ನಾನು ಟೆಕ್ನಿಷಿಯನ್ ಆಗಿ ಸೇರಿದ ಹೊಸತು. ದಿನವಿಡೀ ಕೂತು ರೇಷ್ಮೆ ನೂಲು ತೆಗೆಯುವ ಹುಡುಗಿಯೊಬ್ಬಳು ಸೊಂಟನೋವೆಂದು ಬಂದಳು. ಜೊತೆಗೆ ಅತ್ತೆ. ‘ಬಸುರಿಯೇನಮ್ಮಾ?’ ಅಂದೆ. ‘ಅಂಥದ್ದೇನಿಲ್ಲ, ನೀವು ತೆಗೀರಿ’ ಎಂದದ್ದು ಅತ್ತೆ. ಹುಡುಗಿ ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತಾ, ಬಿಚ್ಚುತ್ತಾ ನಿಂತಿದ್ದಳು. ಎರಡು ಫಿಲ್ಮ್ ತೆಗೆದೆ.

ಹತ್ತು ದಿನಕ್ಕೆ ಗಂಡನ ಜೊತೆ ಮತ್ತೆ ಬಂದಳು. ಸ್ಕ್ಯಾನಿಂಗ್‌ನಲ್ಲಿ ಎಂಟು ವಾರ ಅಂತ ಬಂದಿತ್ತು. ‘ಎಕ್ಸ್‌ರೇ ಬಿದ್ದಿದೆ, ತೆಗೆಸಿಬಿಡಿ’ ಎಂದು ಯಾರೋ ಹೇಳಿದ್ದರಂತೆ. ನನಗೆ ಅವಳ ಮುಖ ನೋಡಲಾಗಲಿಲ್ಲ. ನಮ್ಮ ರೇಡಿಯಾಲಜಿಸ್ಟ್ ಇಬ್ಬರನ್ನೂ ಕೂರಿಸಿಕೊಂಡು ವಿವರಿಸಿದರು: ಸೊಂಟದ ಎರಡು ಫಿಲ್ಮಿನಿಂದ ಗರ್ಭಕ್ಕೆ ತಗಲುವುದು ಕೆಲವೇ ಮಿಲಿಗ್ರೇ (ಮೈಗೆ ತಗಲಿದ ವಿಕಿರಣದ ಅಳತೆ). 100 ಮಿಲಿಗ್ರೇ ಒಳಗಿದ್ದರೆ ಆ ಒಂದು ಕಾರಣಕ್ಕೆ ಗರ್ಭ ತೆಗೆಸಬೇಕಿಲ್ಲ. ಅವಳು ತೆಗೆಸಲಿಲ್ಲ. ಹೀಗೆ ಸುಮ್ಮನೆ ಹೆದರಿ ಮಗು ಕಳೆದುಕೊಂಡವರು ಎಷ್ಟು ಜನವೋ ಎಂದು ಈಗಲೂ ಸಂಕಟವಾಗುತ್ತದೆ.

ಹಾಗಂತ ಕೇಳದೆ ಬಿಡುವಂತಿಲ್ಲ. ಹಿರೋಶಿಮಾ, ನಾಗಸಾಕಿಯಲ್ಲಿ ಬಾಂಬ್ ಬಿದ್ದಾಗ 8ರಿಂದ 15 ವಾರದ ಗರ್ಭದಲ್ಲಿದ್ದು ಹೆಚ್ಚು ವಿಕಿರಣ ತಗಲಿದ ಮಕ್ಕಳಲ್ಲಿ ಬುದ್ಧಿಮಾಂದ್ಯ ಎದ್ದು ಕಂಡಿತು. ಅದು ನಮ್ಮ ಯಂತ್ರದ ಪ್ರಮಾಣವಲ್ಲ, ನಿಜ. ಆದರೆ 1956ರಲ್ಲಿ ಇಂಗ್ಲೆಂಡಿನ ವೈದ್ಯೆ ಆಲಿಸ್ ಸ್ಟುವರ್ಟ್ ತಿಳಿಸಿದ್ದು ಎಕ್ಸ್‌ರೇ ಕೋಣೆಯ ಮಾತೇ. ಕ್ಯಾನ್ಸರಿನಿಂದ ತೀರಿಹೋದ ಮಕ್ಕಳ ತಾಯಂದಿರನ್ನು ವಿಚಾರಿಸಿದಾಗ, ಬಸುರಿನಲ್ಲಿ ಹೊಟ್ಟೆಯ ಎಕ್ಸ್‌ರೇ ಆಗಿದ್ದವರು, ಆರೋಗ್ಯವಾಗಿದ್ದ ಮಕ್ಕಳ ತಾಯಂದಿರಿಗಿಂತ ಅವರಲ್ಲಿ ಹೆಚ್ಚಿದ್ದರು. ಆಕೆಗೆ ಅದು ತಿಳಿದದ್ದೂ ಅಮ್ಮಂದಿರನ್ನು ಕೇಳಿಯೇ.

ಈಗ ನಾನು ‘ಬಸುರಿಯೇ?’ ಎನ್ನುವುದಿಲ್ಲ. ಜೊತೆಗೆ ಬಂದವರನ್ನು ಹೊರಗೆ ಕೂರಿಸಿ, ಬಾಗಿಲು ಹಾಕಿ, ಗೌನ್ ಕೊಡುವಾಗ ಮೆಲ್ಲಗೆ ‘ಕಡೇ ಸಲ ಹೊರಗಾಗಿದ್ದು ಯಾವಾಗಮ್ಮಾ?’ ಅಂತೀನಿ. ಮದುವೆಯಾದವರು, ಆಗದವರು ಅಂತಿಲ್ಲ, ಎಲ್ಲರಿಗೂ ಅದೇ ಪ್ರಶ್ನೆ. ತಾರೀಖು ನೆನಪಿಲ್ಲದಿದ್ದರೆ ಹಬ್ಬದ ಲೆಕ್ಕ: ಯುಗಾದಿಗೆ ಮುಂಚೆಯೋ, ಆಮೇಲೋ? ಕೈಕಾಲಿನ ಎಕ್ಸ್‌ರೇ ಆದರೆ ಕಿರಣ ಹೊಟ್ಟೆಗೆ ನೇರ ಬೀಳದು, ತಡೆಯುವುದಿಲ್ಲ. ಸೊಂಟ, ಕಿಬ್ಬೊಟ್ಟೆ ಆಗಿದ್ದು ದಿನ ಮೀರಿದ್ದರೆ ಮೊದಲು ಯೂರಿನ್ ಟೆಸ್ಟ್, ಆಮೇಲೆ ಬರೆದುಕೊಟ್ಟ ಡಾಕ್ಟರಿಗೆ ಫೋನ್. ಎಷ್ಟೋ ಸಲ ಅವರೇ ‘ಸದ್ಯಕ್ಕೆ ಬೇಡ, ಕಾಯೋಣ’ ಎಂದಿದ್ದಾರೆ.

ಬಾಗಿಲ ಒಳಬದಿಗೆ ದೊಡ್ಡ ಅಕ್ಷರದ ಕ್ಯಾಲೆಂಡರ್ ನೇತುಹಾಕಿದ್ದೇನೆ. ಬಾಯಿಬಿಡಲು ನಾಚುವವರು ಅದರ ಮೇಲೆ ಬೆರಳಿಟ್ಟು ತೋರಿಸುತ್ತಾರೆ.