ಕಡತ ನೋಡಿ ಅಂಕವೇ? ಕಲಿತ ದಾರಿಯನ್ನು ಗ್ರಂಥಪಾಲಕರು ದಾಖಲಿಸುವುದು ಹೇಗೆ

ಒಂಬತ್ತನೇ ತರಗತಿಯ ಸಮಾಜ ವಿಜ್ಞಾನದ ಯೋಜನಾ ಕಾರ್ಯ: ‘ಕೃಷ್ಣರಾಜಸಾಗರ’. ಮೈಸೂರು, ಮಂಡ್ಯ ಜಿಲ್ಲೆಗಳ ಶಾಲೆಗಳಲ್ಲಿ ಈ ವಿಷಯಕ್ಕೆ ಬರವಿಲ್ಲ. ಬೃಂದಾವನದ ಬಣ್ಣದ ಚಿತ್ರ, ವಿಶ್ವೇಶ್ವರಯ್ಯನವರ ಭಾವಚಿತ್ರ, ಜೆರಾಕ್ಸ್ ಅಂಗಡಿಯಲ್ಲಿ ತೆಗೆಸಿದ ನಾಲ್ಕು ಪುಟಗಳ ಮುದ್ರಣ, ಮೇಲೊಂದು ಮಿರುಗುವ ಹೊದಿಕೆ. ನಲವತ್ತು ಕಡತ ಬಂದರೆ ನಲವತ್ತೂ ಹೆಚ್ಚುಕಡಿಮೆ ಒಂದೇ. ಶಿಕ್ಷಕರು ಅಂದಚೆಂದ ನೋಡಿ ಅಂಕ ಹಾಕುತ್ತಾರೆ. ಬೇರೇನು ನೋಡಿ ಹಾಕಬೇಕು? ಮಗು ಏನನ್ನು ಹುಡುಕಿತು, ಯಾವುದನ್ನು ನಂಬಿತು, ಯಾವುದನ್ನು ಬದಿಗಿಟ್ಟಿತು, ಎಲ್ಲಿ ತಡವರಿಸಿತು ಎಂಬುದರ ಸುಳಿವೇ ಆ ಕಡತದಲ್ಲಿ ಇರುವುದಿಲ್ಲ.

ಆ ಸುಳಿವು ಕಣ್ಣೆದುರೇ ಸಿಗುವ ಜಾಗ ಶಾಲೆಯ ಗ್ರಂಥಾಲಯ. ಅದನ್ನು ನೋಡುತ್ತಿರುವವರು ಗ್ರಂಥಪಾಲಕರು. ಆದರೆ ಮೌಲ್ಯಮಾಪನದ ಮಾತು ಬಂದಾಗ ಅವರನ್ನು ಯಾರೂ ಕೇಳುವುದಿಲ್ಲ. ಪುಸ್ತಕ ಕೊಡುವುದು, ವಾಪಸು ಪಡೆಯುವುದು, ದಾಸ್ತಾನು ವಹಿ ಬರೆಯುವುದು ಇಷ್ಟಕ್ಕೇ ಅವರ ಕೆಲಸ ನಿಂತುಬಿಟ್ಟಿದೆ. 2009ರ ಶಿಕ್ಷಣ ಹಕ್ಕು ಕಾಯ್ದೆ ಪ್ರತಿ ಶಾಲೆಯಲ್ಲೂ ಪತ್ರಿಕೆ, ನಿಯತಕಾಲಿಕ, ಕಥೆಪುಸ್ತಕಗಳಿರುವ ಗ್ರಂಥಾಲಯ ಇರಬೇಕು ಎನ್ನುತ್ತದೆ. ಮಗುವಿನ ತಿಳಿವಳಿಕೆಯನ್ನೂ ಅದನ್ನು ಬಳಸುವ ಸಾಮರ್ಥ್ಯವನ್ನೂ ನಿರಂತರವಾಗಿ, ವ್ಯಾಪಕವಾಗಿ ಅಳೆಯಬೇಕು ಎನ್ನುವುದೂ ಅದೇ ಕಾಯ್ದೆ. ಒಂದೇ ಕಾಯ್ದೆಯ ಈ ಎರಡು ಮಾತುಗಳು ನಮ್ಮ ಶಾಲೆಗಳಲ್ಲಿ ಒಂದನ್ನೊಂದು ಭೇಟಿಯಾಗಿಲ್ಲ ಎಂಬುದು ನನ್ನ ಕೊರಗು.

ಕಲಿಕೆಯ ಜೊತೆಜೊತೆಗೇ ಮೌಲ್ಯಮಾಪನ ನಡೆಯಬೇಕೆಂಬುದು ಈ ಸೀಮೆಗೆ ಹೊಸತೇನಲ್ಲ. ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ 1995ರಲ್ಲಿ ಆರಂಭವಾದ, ಆಡುತ್ತಾ ಕಲಿಯುವ ‘ನಲಿಕಲಿ’ ಕ್ರಮದಲ್ಲಿ ಮಗು ಕಲಿಕಾ ಏಣಿಯನ್ನು ತನ್ನ ವೇಗದಲ್ಲೇ ಹತ್ತುತ್ತದೆ, ಮೌಲ್ಯಮಾಪನ ಆ ಮೆಟ್ಟಿಲುಗಳ ನಡುವೆಯೇ ಬರುತ್ತದೆ. ಮೂರನೇ ತರಗತಿಯವರೆಗೆ ನಾವು ಒಪ್ಪಿಕೊಂಡಿರುವ ಈ ಕ್ರಮ ಪ್ರೌಢಶಾಲೆಗೆ ಬರುವಷ್ಟರಲ್ಲಿ ಪರೀಕ್ಷೆಯ ಅಡಿಯಲ್ಲಿ ಮುಚ್ಚಿಹೋಗಿರುತ್ತದೆ. ಅದನ್ನು ಪ್ರೌಢಶಾಲೆಯಲ್ಲಿ ಮತ್ತೆ ಎಬ್ಬಿಸಲು ಗ್ರಂಥಾಲಯಕ್ಕಿಂತ ಒಳ್ಳೆಯ ಜಾಗ ನನಗೆ ಕಾಣುತ್ತಿಲ್ಲ.

ಬಹುಪಾಲು ಸರ್ಕಾರಿ ಶಾಲೆಗಳಲ್ಲಿ ಪ್ರತ್ಯೇಕ ಗ್ರಂಥಪಾಲಕರ ಹುದ್ದೆ ಇಲ್ಲ, ಯಾರಾದರೊಬ್ಬ ಶಿಕ್ಷಕರಿಗೆ ಗ್ರಂಥಾಲಯದ ಹೊಣೆ ವಹಿಸಲಾಗಿರುತ್ತದೆ. ಮುಂದಿನ ಹೆಜ್ಜೆಗಳಲ್ಲಿ ‘ಗ್ರಂಥಪಾಲಕರು’ ಎಂದಾಗಲೆಲ್ಲ ಆ ಶಿಕ್ಷಕರೂ ಸೇರಿದ್ದಾರೆ.

ಮೊದಲ ಹೆಜ್ಜೆ: ಪ್ರಶ್ನೆಯನ್ನು ಇಬ್ಬರೂ ಕೂತು ರೂಪಿಸಿ

ಕೆಲಸ ಕೊಟ್ಟ ಮೇಲೆ ಗ್ರಂಥಪಾಲಕರನ್ನು ಕರೆದರೆ ಪ್ರಯೋಜನವಿಲ್ಲ. ವಿಷಯ ಶಿಕ್ಷಕರು ಯೋಜನಾ ಕಾರ್ಯ ಕೊಡುವ ಮೊದಲೇ ಹತ್ತು ನಿಮಿಷ ಒಟ್ಟಿಗೆ ಕೂರಬೇಕು. ‘ಕೃಷ್ಣರಾಜಸಾಗರದ ಬಗ್ಗೆ ಬರೆಯಿರಿ’ ಎಂಬುದು ನಕಲು ಮಾಡಲು ಕೊಟ್ಟ ಆಹ್ವಾನ. ಅದನ್ನೇ ಹೀಗೆ ಕೇಳಿ: ‘ನಿಮ್ಮೂರಿನ ಗದ್ದೆಗೆ ನೀರು ಯಾವ ನಾಲೆಯಿಂದ ಬರುತ್ತದೆ? ಆ ನಾಲೆ ಬರುವ ಮೊದಲು ಅಲ್ಲಿ ಏನು ಬೆಳೆಯುತ್ತಿದ್ದರು?’ ವಿಶ್ವೇಶ್ವರಯ್ಯ ನಾಲೆಯ ಕೊನೆಯ ಹಳ್ಳಿಯ ಮಗುವಿನ ಉತ್ತರ ಬೇರೆ, ಚಿಕ್ಕದೇವರಾಯ ನಾಲೆಯ ಬದಿಯ ಮಗುವಿನ ಉತ್ತರ ಬೇರೆ. ಮೈಸೂರು ನಗರದ ಮಗುವಿಗೆ ಗದ್ದೆ ಇಲ್ಲದಿದ್ದರೆ ಮನೆಯ ನಲ್ಲಿಯ ನೀರಿನ ಮೂಲವನ್ನು ಹುಡುಕಲಿ. ಇಂಥ ಪ್ರಶ್ನೆಗೆ ಸಿದ್ಧ ಉತ್ತರ ಅಂತರ್ಜಾಲದಲ್ಲಿ ಇಲ್ಲ, ಮೊಬೈಲಿನ ಕೃತಕ ಬುದ್ಧಿಮತ್ತೆಗೂ ಆ ಊರಿನ ಅಜ್ಜ ಗೊತ್ತಿಲ್ಲ.

ಪ್ರಶ್ನೆ ಗೊತ್ತಾದ ಕೂಡಲೇ ಗ್ರಂಥಪಾಲಕರು ಕಪಾಟು ನೋಡಬೇಕು. ಇದಕ್ಕೆ ಬೇಕಾದ ಪುಸ್ತಕ, ಜಿಲ್ಲಾ ಗ್ಯಾಸೆಟಿಯರ್ (ಜಿಲ್ಲೆಯ ವಿವರಗಳ ಸರ್ಕಾರಿ ಗ್ರಂಥ), ಹಳೆಯ ಪತ್ರಿಕೆಗಳ ತುಣುಕು ನಮ್ಮಲ್ಲಿ ಇವೆಯೇ? ಇಲ್ಲದಿದ್ದರೆ ಗ್ರಾಮ ಪಂಚಾಯಿತಿಯ ಅರಿವು ಕೇಂದ್ರದಲ್ಲೋ ನಗರ ಕೇಂದ್ರ ಗ್ರಂಥಾಲಯದಲ್ಲೋ ವಿಚಾರಿಸಿ. ಪುಸ್ತಕವೇ ಸಿಗದ ಕಡೆ ಮಗುವಿನ ಹುಡುಕಾಟವನ್ನು ಅಳೆಯಲು ಹೊರಡುವುದು ಅನ್ಯಾಯ.

ಎರಡನೇ ಹೆಜ್ಜೆ: ಮೂರು ಬಾರಿ ಒಂದೇ ಚೀಟಿ

ಈ ಹೆಜ್ಜೆಯನ್ನು ಮಾತ್ರ ಬಿಡಬೇಡಿ. ಅಮೆರಿಕದ ರಟ್ಗರ್ಸ್ ವಿಶ್ವವಿದ್ಯಾಲಯದ ಕ್ಯಾರಲ್ ಕುಲ್ತೌ ಮತ್ತು ಸಹ ಸಂಶೋಧಕರು ಶಾಲಾ ಗ್ರಂಥಪಾಲಕರಿಗಾಗಿಯೇ 2005ರಲ್ಲಿ ‘ಸ್ಲಿಮ್’ ಎಂಬ ಸಾಧನ ರೂಪಿಸಿದರು. ಅದಕ್ಕೆ ಬೇಕಾದದ್ದು ಕಾಗದದ ಚೀಟಿ ಅಷ್ಟೆ. ಕೆಲಸದ ಆರಂಭದಲ್ಲಿ, ನಡುವೆ ಮತ್ತು ಕೊನೆಯಲ್ಲಿ ಮಕ್ಕಳು ಅವೇ ಪ್ರಶ್ನೆಗಳಿಗೆ ಉತ್ತರ ಬರೆಯುತ್ತಾರೆ: ಈ ವಿಷಯದ ಬಗ್ಗೆ ನಿನಗೆ ಈಗ ಏನೇನು ಗೊತ್ತು? ನಿನಗೆ ಇದರಲ್ಲಿ ಎಷ್ಟು ಆಸಕ್ತಿ ಇದೆ? ಎಷ್ಟು ಗೊತ್ತಿದೆ ಎಂದು ನಿನಗೆ ಅನಿಸುತ್ತದೆ? ಹುಡುಕುವಾಗ ಯಾವುದು ಸುಲಭವಾಯಿತು, ಯಾವುದು ಕಷ್ಟವಾಯಿತು? ಕೊನೆಯ ಬಾರಿ ಇನ್ನೊಂದು ಪ್ರಶ್ನೆ ಸೇರುತ್ತದೆ: ಈ ಕೆಲಸದಿಂದ ಏನು ಕಲಿತೆ?

ಮೂರೂ ಚೀಟಿಗಳನ್ನು ಪಕ್ಕಪಕ್ಕದಲ್ಲಿಟ್ಟು ವಾಕ್ಯಗಳನ್ನು ನೋಡಿ. ಮಗು ಬರೆದ ವಾಕ್ಯಗಳು ಮೂರು ಬಗೆಯವು. ‘ಕನ್ನಂಬಾಡಿ ಕಟ್ಟೆಯನ್ನು ಕಾವೇರಿಗೆ ಅಡ್ಡಲಾಗಿ ಕಟ್ಟಿದ್ದಾರೆ’ ಎಂಬುದು ಬರಿಯ ಸಂಗತಿ (ಕನ್ನಂಬಾಡಿ ಕಟ್ಟೆ ಎಂದರೆ ಕೃಷ್ಣರಾಜಸಾಗರವೇ). ‘ನಾಲೆ ಬಂದ ಮೇಲೆ ಕಬ್ಬು ಹೆಚ್ಚು ಬೆಳೆದರು, ಹಾಗಾಗಿ 1933ರಲ್ಲಿ ಮಂಡ್ಯಕ್ಕೆ ಸಕ್ಕರೆ ಕಾರ್ಖಾನೆ ಬಂತು’ ಎಂದರೆ ಅದು ವಿವರಣೆ. ಕಾರಣವನ್ನೂ ಪರಿಣಾಮವನ್ನೂ ಮಗು ಜೋಡಿಸಿದೆ. ‘ನೀರಿನಿಂದ ನಮ್ಮ ಊರಿಗೆ ಒಳ್ಳೆಯದಾಯಿತು, ಆದರೆ ಹಳೆಯ ಕನ್ನಂಬಾಡಿ ಮುಳುಗಿತು, ಎರಡನ್ನೂ ಹೇಳಬೇಕು’ ಎಂದರೆ ಅದು ತೀರ್ಮಾನ. ಮೊದಲ ಚೀಟಿಯಲ್ಲಿ ನಾಲ್ಕು ಸಂಗತಿಗಳಷ್ಟೇ ಇದ್ದು ಕೊನೆಯದರಲ್ಲಿ ಎರಡು ವಿವರಣೆ, ಒಂದು ತೀರ್ಮಾನ ಬಂದಿದ್ದರೆ ಆ ಮಗು ಕಲಿತಿದೆ. ಕೊನೆಯ ಚೀಟಿಯಲ್ಲಿ ಸಂಗತಿಗಳೇ ಇಪ್ಪತ್ತಾಗಿ ವಿವರಣೆ ಒಂದೂ ಇಲ್ಲದಿದ್ದರೆ ಆ ಮಗು ಮಾಹಿತಿಯನ್ನು ಕೂಡಿಹಾಕಿದೆ, ಇನ್ನೂ ಅರಗಿಸಿಕೊಂಡಿಲ್ಲ. ಮಿರುಗುವ ಹೊದಿಕೆಯ ಯಾವ ಕಡತದಿಂದಲೂ ಈ ವ್ಯತ್ಯಾಸ ತಿಳಿಯುವುದಿಲ್ಲ.

ಬರೆಯಲು ತಡವರಿಸುವ ಮಕ್ಕಳಿಗೆ ಚೀಟಿಯನ್ನು ಬಾಯಿಮಾತಿನಲ್ಲಿ ಕೇಳಿ ನೀವೇ ಬರೆದುಕೊಳ್ಳಿ. ಮಗು ಆಡಿದ ಮಾತನ್ನು ಹಾಗೆಯೇ ಬರೆಯಿರಿ, ತಿದ್ದಬೇಡಿ. ಕಾಗುಣಿತ ಅಳೆಯಲು ಕನ್ನಡ ತರಗತಿ ಇದೆ.

ಮೂರನೇ ಹೆಜ್ಜೆ: ಐದೇ ಮಕ್ಕಳನ್ನು ಗಮನಿಸಿ

ನಲವತ್ತು ನಿಮಿಷದ ಅವಧಿಯಲ್ಲಿ ಐವತ್ತು ಮಕ್ಕಳನ್ನು ಗಮನಿಸುತ್ತೇನೆ ಎನ್ನುವವರು ಯಾರನ್ನೂ ಗಮನಿಸುವುದಿಲ್ಲ. ಪ್ರತಿ ಅವಧಿಗೆ ಐದು ಹೆಸರು ಆರಿಸಿ, ಮುಂದಿನ ವಾರ ಬೇರೆ ಐದು. ಉಳಿದವರಿಗೆ ಸಹಾಯ ಮಾಡುತ್ತಾ ಇವರ ಮೇಲೆ ಕಣ್ಣಿಡಿ.

ಏನನ್ನು ನೋಡಬೇಕು? ಪುಸ್ತಕ ಕೈಗೆ ಬಂದೊಡನೆ ಮಗು ಪರಿವಿಡಿ ತೆರೆಯುತ್ತದೆಯೋ, ಮೊದಲ ಪುಟದಿಂದ ಹಾಳೆ ತಿರುವುತ್ತದೆಯೋ. ಪದಸೂಚಿ ಬಳಸಲು ಬರುತ್ತದೆಯೇ (ಕನ್ನಡದ ಎಷ್ಟೋ ಪುಸ್ತಕಗಳಲ್ಲಿ ಪದಸೂಚಿಯೇ ಇಲ್ಲ, ಪ್ರಕಾಶಕರು ಈ ಮಕ್ಕಳನ್ನು ನೆನೆದಾದರೂ ಹಾಕಬೇಕು). ಒಂದೇ ಪುಸ್ತಕಕ್ಕೆ ನಿಲ್ಲುತ್ತದೆಯೋ, ಎರಡನೆಯದನ್ನು ತೆರೆಯುತ್ತದೆಯೋ. ಗೆಳೆಯರನ್ನು ಕೇಳುತ್ತದೆಯೇ, ಗೆಳೆಯರಿಗೆ ಹೇಳಿಕೊಡುತ್ತದೆಯೇ.

ನೋಡಿದ್ದನ್ನು ಘಟನಾ ದಾಖಲೆಯಾಗಿ ಬರೆದಿಡಿ. ‘ಚೆನ್ನಾಗಿ ಓದುತ್ತಾಳೆ’, ‘ಆಸಕ್ತಿ ಕಡಿಮೆ’ ಎಂಬ ಮಾತುಗಳಿಂದ ಯಾರಿಗೂ ಉಪಯೋಗವಿಲ್ಲ. ‘ಹಾಳೆ ತಿರುವುತ್ತಿದ್ದಳು; ಪರಿವಿಡಿ ತೋರಿಸಿದೆ; ನೀರಾವರಿ ಅಧ್ಯಾಯವನ್ನು ತಾನೇ ಹುಡುಕಿದಳು; ಮುಂದಿನ ಪುಸ್ತಕದಲ್ಲಿ ಕೇಳದೆ ಪರಿವಿಡಿ ತೆರೆದಳು’ ಎಂದು ಬರೆದರೆ ಶಿಕ್ಷಕರಿಗೆ ಒಂದು ಕಲಿಕೆ ನಡೆದ ಕ್ಷಣವೇ ಸಿಕ್ಕಂತೆ. ಎರಡು ಸಾಲು ಸಾಕು, ದಿನಾಂಕ ಮರೆಯಬೇಡಿ.

ನಡುವೆ ಮಗು ಮಂಕಾದರೆ

ಇಲ್ಲಿ ಸ್ವಲ್ಪ ನಿಲ್ಲಬೇಕು. ಹುಡುಕಾಟದ ಮೊದಲಲ್ಲಿ ಮಕ್ಕಳಿಗೆ ಉತ್ಸಾಹ ಇರುತ್ತದೆ. ನಾಲ್ಕು ಪುಸ್ತಕ ತೆರೆದು, ಒಂದರಲ್ಲಿರುವುದು ಇನ್ನೊಂದರಲ್ಲಿ ಇಲ್ಲ ಎಂದು ಗೊತ್ತಾದಾಗ ಆ ಉತ್ಸಾಹ ಇಳಿಯುತ್ತದೆ. ಮಾಹಿತಿ ಹೆಚ್ಚಿದಷ್ಟೂ ಗೊಂದಲ ಹೆಚ್ಚುವ ಈ ಘಟ್ಟವನ್ನು ಕುಲ್ತೌ ತಮ್ಮ ಅಧ್ಯಯನಗಳಲ್ಲಿ ಸ್ಪಷ್ಟವಾಗಿ ಗುರುತಿಸಿದ್ದಾರೆ; ತನ್ನದೇ ಆದ ಒಂದು ದೃಷ್ಟಿ ಮೂಡಿದ ಮೇಲೆಯೇ ಆತ್ಮವಿಶ್ವಾಸ ಮತ್ತೆ ಏರುತ್ತದೆ. ಈ ಹೊತ್ತಿನಲ್ಲಿ ‘ಇವನಿಗೆ ಬರುವುದಿಲ್ಲ’ ಎಂದು ಬರೆದರೆ, ಕಲಿಕೆ ಹುಟ್ಟುವ ಗಳಿಗೆಯಲ್ಲೇ ಮಗುವನ್ನು ಸೋಲಿಸಿದಂತೆ. ನಡುವಿನ ಚೀಟಿಯಲ್ಲಿ ಆಸಕ್ತಿ ಇಳಿದದ್ದು ಕಂಡರೆ ಆ ಮಗುವಿನ ಪಕ್ಕ ಹೋಗಿ ಕೂರಿ. ‘ಇಷ್ಟರಲ್ಲಿ ನಿನಗೆ ಆಶ್ಚರ್ಯ ಅನಿಸಿದ್ದು ಯಾವುದು?’ ಎಂದು ಕೇಳಿ. ಅಲ್ಲಿಂದ ದಾರಿ ಸಿಗುತ್ತದೆ. ಮಧ್ಯದ ಚೀಟಿಗೆ ಎಂದೂ ಅಂಕ ಬೇಡ. ಅದು ಸಹಾಯ ಯಾರಿಗೆ ಬೇಕೆಂದು ತಿಳಿಸುವ ಚೀಟಿ.

ನಾಲ್ಕನೇ ಹೆಜ್ಜೆ: ಎರಡು ಮೂಲ ಜಗಳವಾಡಲಿ

ಮೂಲವನ್ನು ಪರೀಕ್ಷಿಸುವ ಗುಣ ಬಂದಿದೆಯೇ ಎಂದು ತಿಳಿಯಲು ಹೊಂದಾಣಿಕೆಯಾಗದ ಎರಡು ಬರಹಗಳನ್ನು ಬೇಕೆಂದೇ ಮೇಜಿನ ಮೇಲಿಡಿ. ಕೃಷ್ಣರಾಜಸಾಗರದ ಕಾಮಗಾರಿ 1911ರಲ್ಲಿ ಆರಂಭವಾಯಿತು ಎಂಬಲ್ಲಿ ಪುಸ್ತಕಗಳು ಒಂದಾಗುತ್ತವೆ, ಮುಗಿದ ವರ್ಷ ಒಂದರಲ್ಲಿ 1931, ಇನ್ನೊಂದರಲ್ಲಿ 1932 ಎಂದಿರುತ್ತದೆ. ಪತ್ರಿಕೆಯ ಜಲಾಶಯ ಮಟ್ಟದ ಪಟ್ಟಿಯಲ್ಲಿ ಗರಿಷ್ಠ ಮಟ್ಟ 124.80 ಅಡಿ, ಪುಸ್ತಕದಲ್ಲಿ ಅಣೆಕಟ್ಟೆಯ ಎತ್ತರ 130 ಅಡಿ. ಯಾವುದು ಸರಿ ಎಂದು ಕೇಳಿ ಸುಮ್ಮನಿರಿ. ಒಂದು ಮಗು ದೊಡ್ಡ ಸಂಖ್ಯೆ ಆರಿಸುತ್ತದೆ, ಇನ್ನೊಂದು ದಪ್ಪ ಪುಸ್ತಕವನ್ನು ನಂಬುತ್ತದೆ. ‘ನೀರಿನ ಮಟ್ಟ ಬೇರೆ, ಕಟ್ಟೆಯ ಎತ್ತರ ಬೇರೆ ಅಲ್ಲವೇ?’ ಎಂದು ಯಾವುದಾದರೂ ಮಗು ಕೇಳಿದರೆ ಅದನ್ನು ಆ ದಿನವೇ ದಾಖಲಿಸಿ. ಬರೆದವರು ಯಾರು, ಯಾವಾಗ ಬರೆದದ್ದು, ಅವರಿಗೆ ಹೇಗೆ ಗೊತ್ತು ಎಂಬ ಮೂರು ಪ್ರಶ್ನೆ ಮಗುವಿನ ಬಾಯಲ್ಲಿ ತಾನಾಗಿ ಬರುವುದು ನಮ್ಮ ಗುರಿ. 1938ರ ಶಿವಪುರ ಧ್ವಜ ಸತ್ಯಾಗ್ರಹದಂಥ ವಿಷಯದಲ್ಲಿ ಮದ್ದೂರಿನ ಹಿರಿಯರು ಹೇಳುವ ಕಥೆಯನ್ನೂ ಪುಸ್ತಕವನ್ನೂ ಹೀಗೆಯೇ ಎದುರುಬದುರು ಇಡಬಹುದು.

ಟಿಪ್ಪಣಿಗೆ ಹಾಳೆಯ ನಡುವೆ ಒಂದು ಗೆರೆ ಎಳೆಸಿ. ಎಡಕ್ಕೆ ಪುಸ್ತಕ ಹೇಳಿದ್ದು ಮತ್ತು ಪುಟಸಂಖ್ಯೆ, ಬಲಕ್ಕೆ ತನ್ನ ಮಾತು ಅಥವಾ ತನ್ನ ಪ್ರಶ್ನೆ. ಬಲಭಾಗ ಖಾಲಿ ಇದ್ದರೆ ಮಗು ನಕಲು ಮಾಡುತ್ತಿದೆ ಎಂದು ಒಂದೇ ನೋಟದಲ್ಲಿ ತಿಳಿಯುತ್ತದೆ.

ಐದನೇ ಹೆಜ್ಜೆ: ಮಟ್ಟಗಳನ್ನು ಮೊದಲೇ ಹೇಳಿ

ಶಿಕ್ಷಕರು ರೂಬ್ರಿಕ್ ಎನ್ನುವ ಪಟ್ಟಿಯನ್ನು ಚಿಕ್ಕದಾಗಿಡಿ. ಹುಡುಕುವುದು, ಮೂಲವನ್ನು ಪರೀಕ್ಷಿಸುವುದು, ತನ್ನ ಮಾತಿನಲ್ಲಿ ಹೇಳುವುದು ಎಂಬ ಮೂರು ಅಂಶ. ಪ್ರತಿಯೊಂದಕ್ಕೂ ‘ಸಹಾಯ ಬೇಕು’, ‘ಸ್ವಲ್ಪ ಸಹಾಯದಿಂದ ಮಾಡುತ್ತದೆ’, ‘ತಾನೇ ಮಾಡುತ್ತದೆ’ ಎಂಬ ಮೂರು ಮಟ್ಟ. ಕೆಲಸ ಶುರುವಾಗುವ ದಿನವೇ ಇದನ್ನು ಗ್ರಂಥಾಲಯದ ಗೋಡೆಗೆ ಅಂಟಿಸಿ. ಕೊನೆಯಲ್ಲಿ ಮಗು ತನ್ನನ್ನು ತಾನು ಎಲ್ಲಿ ಇಟ್ಟುಕೊಳ್ಳುತ್ತದೆ ಎಂದು ಗುರುತು ಹಾಕಲಿ; 2020ರ ರಾಷ್ಟ್ರೀಯ ಶಿಕ್ಷಣ ನೀತಿ ಹೇಳುವ ಸಮಗ್ರ ಪ್ರಗತಿ ಪತ್ರದಲ್ಲೂ ಸ್ವ-ಮೌಲ್ಯಮಾಪನಕ್ಕೆ ಜಾಗವಿದೆ.

ಅಂಕ ಹಾಕುವುದು ವಿಷಯ ಶಿಕ್ಷಕರ ಕೆಲಸ, ಅದು ಹಾಗೆಯೇ ಇರಲಿ. ಗ್ರಂಥಪಾಲಕರು ಕೊಡುವುದು ಆಧಾರ. ಎಸ್ಸೆಸ್ಸೆಲ್ಸಿಯಲ್ಲಿ ಪ್ರಥಮ ಭಾಷೆಗೆ 25, ಉಳಿದ ವಿಷಯಗಳಿಗೆ 20 ಅಂಕ ಆಂತರಿಕ ಮೌಲ್ಯಮಾಪನಕ್ಕೆ ಮೀಸಲು. ಅದರಲ್ಲಿ ಯೋಜನಾ ಕಾರ್ಯದ ಪಾಲನ್ನು ಹಾಕುವಾಗ ಕಡತದ ಜೊತೆ ಈ ಚೀಟಿಗಳು, ಟಿಪ್ಪಣಿ ಹಾಳೆ, ಘಟನಾ ದಾಖಲೆ ಮೇಜಿನ ಮೇಲಿದ್ದರೆ ಅಂಕಕ್ಕೆ ಅರ್ಥ ಬರುತ್ತದೆ. ಪೋಷಕರು ‘ಏಕೆ ಇಷ್ಟೇ?’ ಎಂದು ಕೇಳಿದಾಗ ತೋರಿಸಲೂ ಏನಾದರೂ ಇರುತ್ತದೆ.

ಇದನ್ನು ಅಳೆಯಬೇಡಿ

ಪುಸ್ತಕ ವಿತರಣಾ ವಹಿಯನ್ನು ತೆರೆದು ‘ಹತ್ತು ಪುಸ್ತಕ ಓದಿದವರಿಗೆ ಐದು ಅಂಕ’ ಎನ್ನುವ ಪದ್ಧತಿ ಕೆಲವು ಕಡೆ ಇದೆ. ದಯವಿಟ್ಟು ಅದನ್ನು ನಿಲ್ಲಿಸಿ. ಅಂಕದ ಆಸೆಗೆ ಮಕ್ಕಳು ಅತಿ ತೆಳುವಾದ ಪುಸ್ತಕ ಹುಡುಕುತ್ತಾರೆ, ಓದದೆ ಸಾರಾಂಶ ಬರೆಯುತ್ತಾರೆ. ನಿಧಾನವಾಗಿ ಓದುವ ಮಗು, ಇಷ್ಟವಾದ ಒಂದೇ ಪುಸ್ತಕವನ್ನು ನಾಲ್ಕು ಸಲ ಒಯ್ಯುವ ಮಗು ಈ ಲೆಕ್ಕದಲ್ಲಿ ಹಿಂದುಳಿಯುತ್ತದೆ. ಗ್ರಂಥಾಲಯ ವಿಜ್ಞಾನಿ ಎಸ್.ಆರ್. ರಂಗನಾಥನ್ 1931ರಲ್ಲಿ ಪ್ರಕಟಿಸಿದ ಗ್ರಂಥಾಲಯದ ಐದು ಸೂತ್ರಗಳಲ್ಲಿ ‘ಪ್ರತಿ ಓದುಗನಿಗೂ ಅವನ ಪುಸ್ತಕ’ ಎಂಬುದೊಂದು. ಆ ಪುಸ್ತಕವನ್ನು ಮಗು ಯಾರ ಲೆಕ್ಕಕ್ಕೂ ಸಿಗದೆ ಓದಲು ಬಿಡಬೇಕು. ಯೋಜನಾ ಕಾರ್ಯದ ಹುಡುಕಾಟವನ್ನು ಅಳೆಯೋಣ, ಸಂತೋಷದ ಓದನ್ನು ಮುಟ್ಟುವುದು ಬೇಡ. ಈ ಎರಡರ ನಡುವಿನ ಗೆರೆಯನ್ನು ಕಾಯುವ ಹೊಣೆ ಗ್ರಂಥಪಾಲಕರದೇ.

ಆರಂಭಿಸಲು

ಎಲ್ಲ ತರಗತಿಗೂ ಒಟ್ಟಿಗೆ ಬೇಡ. ಎಂಟನೇ ಅಥವಾ ಒಂಬತ್ತನೇ ತರಗತಿಯ ಒಂದು ವಿಭಾಗ, ಒಂದು ವಿಷಯ, ಒಂದು ರೂಪಣಾತ್ಮಕ ಮೌಲ್ಯಮಾಪನದ (ಕಲಿಕೆಯ ನಡುವೆಯೇ ನಡೆಯುವ ಮೌಲ್ಯಮಾಪನದ) ಅವಧಿ ಸಾಕು. ಮುಖ್ಯ ಶಿಕ್ಷಕರನ್ನು ಕೇಳಬೇಕಾದದ್ದು ಮೂರೇ: ವಾರಕ್ಕೊಮ್ಮೆ ಎರಡು ಅವಧಿಗಳನ್ನು ಒಟ್ಟುಗೂಡಿಸಿದ ಗ್ರಂಥಾಲಯ ಸಮಯ, ಶನಿವಾರ ತರಗತಿ ಮುಗಿದ ಮೇಲೆ ವಿಷಯ ಶಿಕ್ಷಕರ ಜೊತೆ ಕೂರಲು ಹತ್ತು ನಿಮಿಷ, ಮತ್ತು ಚೀಟಿ, ದಾಖಲೆಗಳನ್ನು ಮಗುವಿನ ಹೆಸರಿನಲ್ಲಿ ಹಾಕಿಡಲು ಲಕೋಟೆಗಳು. ಮುಂದಿನ ವರ್ಷ ಆ ತರಗತಿಯನ್ನು ತೆಗೆದುಕೊಳ್ಳುವ ಶಿಕ್ಷಕರಿಗೆ ಅಂಕಪಟ್ಟಿಯ ಜೊತೆ ಈ ಲಕೋಟೆಗಳನ್ನೂ ಜೂನ್ ಮೊದಲ ವಾರದಲ್ಲೇ ತಲುಪಿಸಿ. ಯಾವ ಮಗುವಿಗೆ ಪರಿವಿಡಿಯಿಂದ ಶುರು ಮಾಡಬೇಕು, ಯಾವ ಮಗುವಿಗೆ ನೇರವಾಗಿ ಗ್ಯಾಸೆಟಿಯರ್ ಕೊಡಬಹುದು ಎಂದು ಅವರಿಗೆ ಆಗಲೇ ಗೊತ್ತಿರುತ್ತದೆ.